ಕಾಲು ನೆಟ್ಟಗಿರುವ ಅಕ್ಷರ

“ಇನ್ನೆಷ್ಟು ಹೊತ್ತು ಬೇಕು ಅದಕ್ಕೆ?”

“ಈಗ ತಾನೆ ಕೇಳಿದ್ರಿ. ಆಗ ಹದಿನೆಂಟು ನಿಮಿಷ ಅಂದೆ. ಈಗ ಹದಿನೇಳು,” ಎಂದಳು ಲ್ಯುದ್ಮಿಲಾ ಸೆರ್ಗೇವ್ನಾ ಪಾಕ್, ಕೈಯಲ್ಲಿದ್ದ ಹೆಣಿಗೆಯಿಂದ ಕಣ್ಣೆತ್ತದೆ.

ಮುರತಾಲಿ ಮತ್ತೆ ಕಿಟಕಿಯ ಕಡೆ ನಡೆದ. ಮೇಜಿನ ಮೇಲೆ ಬೋರಲು ಹಾಕಿದ ಚಪ್ಪಲಿ ಪೆಟ್ಟಿಗೆಯ ಅಂಚಿನಿಂದ ನೇರಳೆ ಬೆಳಕು ಸೋರುತ್ತಿತ್ತು. ಅದರೊಳಗೆ ಇದ್ದದ್ದು ಮಕ್ಕಳಿಗೆ ಗಂಟಲು ಕೆಟ್ಟಾಗ ಬಾಯಿಗೆ ಹಿಡಿಯುವ ದೀಪ. ಪಾಕ್ ಅದನ್ನು ತನ್ನ ಮನೆಯಿಂದ ತಂದಿದ್ದಳು. ದೀಪದ ಕೆಳಗೆ ಬೆರಳುದ್ದದ ಒಂದು ಚಿಪ್ ಮಲಗಿತ್ತು. ಯಾವುದೋ ಮಾಂಸದಂಗಡಿಯ ಕೆಟ್ಟ ಯಂತ್ರದಿಂದ ಕಿತ್ತ ಚಿಪ್. ಅದರ ಬೆನ್ನಿನ ಗಾಜಿನ ಕಿಂಡಿಯೊಳಗೆ ಆ ಬೆಳಕು ಅರ್ಧ ಗಂಟೆ ಬಿದ್ದರೆ, ಹಿಂದೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಹೊಸದಾಗಿ ಬರೆಯಬಹುದು.

“ಕೂತ್ಕೊಳ್ಳಿ, ಇಂಜಿನಿಯರ್ ಸಾಹೇಬ್ರೆ. ನೀವು ಓಡಾಡಿದ್ರೆ ಬೆಳಕು ಬೇಗ ಓಡಲ್ಲ.”

“ನಿನಗೇನು, ಸೆರ್ಗೇವ್ನಾ. ಹೆಣೀತಾ ಕೂತಿದೀಯ.”

“ಇಪ್ಪತ್ತೆರಡು ವರ್ಷ ಕಾರ್ಖಾನೇಲಿ ಇದೇ ಕೆಲಸ ಮಾಡ್ದೆ. ಆಗ ಒಂದು ಸಲ ಬಂದು ಎಷ್ಟು ಹೊತ್ತು ಅಂತ ಕೇಳಿದ್ರಾ? ನಕ್ಷೆ ಬಿಸಾಕಿ ಹೋಗೋರು. ಈಗ ಕಲೀರಿ.”

ಮುರತಾಲಿಗೆ ಎಪ್ಪತ್ತೊಂದು ವರ್ಷ. ಕಿರ್ಗಿಜ್ ರಾಜಧಾನಿ ಬಿಷ್ಕೆಕ್ ಇನ್ನೂ ಫ್ರುಂಜೆ ಎನಿಸಿಕೊಂಡಿದ್ದಾಗ ಅವನು ಅಲ್ಲಿನ ಉಪಕರಣ ಕಾರ್ಖಾನೆಯಲ್ಲಿ ‘ಚೋಲ್ಪೋನ್’ ಎಂಬ ಮನೆಬಳಕೆಯ ಕಂಪ್ಯೂಟರಿಗೆ ಮೂಲ ಪ್ರೋಗ್ರಾಂ ಬರೆದವನು. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಗಟ್ಟಿ ಕೀಲಿಗಳು, ನೋಡಲು ಟೀವಿ, ನೆನಪಿಡಲು ಟೇಪ್ ರೆಕಾರ್ಡರ್. ಕಾರ್ಖಾನೆ ಬಾಗಿಲು ಹಾಕುವ ಮೊದಲು ಆರುನೂರು ಪೆಟ್ಟಿಗೆಗಳು ಹೊರಬಂದಿದ್ದವು. ಉಳಿದವು ಎಷ್ಟೋ ತಿಳಿಯದು. ಒಂದು ಈ ಮೇಜಿನ ಮೇಲಿತ್ತು. ಅದರ ಮುಚ್ಚಳ ಬಿಚ್ಚಿಟ್ಟಿತ್ತು.

ಆ ಯಂತ್ರಕ್ಕೆ ಮೂರು ಅಕ್ಷರ ಬಾಕಿಯಿತ್ತು. ರಷ್ಯನ್ ಲಿಪಿಯಲ್ಲಿಲ್ಲದ, ಕಿರ್ಗಿಜ್ ಭಾಷೆಗೆ ಮಾತ್ರ ಬೇಕಾದ ಮೂರು ಅಕ್ಷರಗಳು. ಮುರತಾಲಿ ಮೊದಲ ಚಿಪ್ಪಿನಲ್ಲೇ ಅವಕ್ಕೆ ಬೇರೆ ಕೀಲಿ ಕೊಟ್ಟಿದ್ದ, ಬೇರೆ ಅಂಕಿಯನ್ನೂ ಕೊಟ್ಟಿದ್ದ. ಆದರೆ ರೂಪ ಕೊಟ್ಟಿರಲಿಲ್ಲ. ಅಕ್ಷರದ ಆಕಾರಕ್ಕೆ ಮೇಲಿನವರ ಒಪ್ಪಿಗೆ ಬರಬೇಕಾಗಿತ್ತು. ಬರುವವರೆಗೆ ಇರಲಿ ಎಂದು ಹತ್ತಿರದ ರಷ್ಯನ್ ಅಕ್ಷರಗಳ ರೂಪವನ್ನೇ ಅಲ್ಲಿ ತುಂಬಿದ್ದ. ಆ ಜೋಡಿಯಲ್ಲಿ ಯಾವ ಕೀಲಿ ಒತ್ತಿದರೂ ಪರದೆಯ ಮೇಲೆ ಒಂದೇ ಕಾಣುತ್ತಿತ್ತು; ಯಂತ್ರದ ಒಳಗೆ ಮಾತ್ರ ಬೇರೆಬೇರೆಯಾಗಿ ಇರುತ್ತಿತ್ತು. “ನೀನು ಸರಿಯಾದ ಕೀಲೀನೇ ಒತ್ತು,” ಎಂದು ಹೆಂಡತಿ ಬುರುಲ್‌ಗೆ ಹೇಳಿದ್ದ. “ಮುಂದಿನ ಚಿಪ್ಪಲ್ಲಿ ಅಕ್ಷರ ಹಾಕ್ತೀನಿ. ಹಾಕಿದ ದಿವಸ ನೀನು ಬರೆದಿದ್ದೆಲ್ಲ ತಾನಾಗಿ ಸರಿಹೋಗುತ್ತೆ.” ಬುರುಲ್ ಶಾಲೆಯಲ್ಲಿ ಭಾಷೆ ಕಲಿಸುವವಳು, ತಪ್ಪು ಕೀಲಿ ಒತ್ತುವ ಹೆಂಗಸಲ್ಲ. ಮೇಲಿನವರ ಒಪ್ಪಿಗೆ ಬರಲೇ ಇಲ್ಲ. ದೇಶವೇ ಒಡೆದುಹೋಯಿತು, ಕಾರ್ಖಾನೆ ಹೋಯಿತು. ಮುಂದಿನ ಚಿಪ್ಪೂ ಹೋಯಿತು.

ಅಡುಗೆಮನೆಯಿಂದ ಹಿಟ್ಟು ಕುಟ್ಟಿ ನಾದುವ ಸದ್ದು ಬರುತ್ತಿತ್ತು. ಅದು ಬುರುಲ್‌ಳ ತಂಗಿ ಕಲಿಚಾ. ಬುರುಲ್ ತೀರಿಕೊಂಡು ವರ್ಷ ತುಂಬಿ ಎಂಟು ದಿನವಾಗಿತ್ತು. ಅವಳು ಹೋದಂದಿನಿಂದ ಪ್ರತಿ ಗುರುವಾರವೂ ಕಲಿಚಾ ಬಂದು ಎಣ್ಣೆಯಲ್ಲಿ ಬೋರ್ಸೊಕ್ ಕರಿಯುತ್ತಿದ್ದಳು. ಕರಿದ ಹಿಟ್ಟಿನ ವಾಸನೆ ಹೋದವರಿಗೆ ಮುಟ್ಟಬೇಕು. ಆಮೇಲೆ ಮುರತಾಲಿ ಕುರಾನಿನ ನಾಲ್ಕು ಸಾಲು ಓದಬೇಕು. ಒಂದು ಗುರುವಾರವೂ ತಪ್ಪಿರಲಿಲ್ಲ.

“ಭಾವ, ಪೆಟ್ಟಿಗೆ ಬಿಚ್ಚಿ ಆಯ್ತಾ, ಇಲ್ಲಾ ಪೆಟ್ಟಿಗೇನೆ ನಿಮ್ಮನ್ನ ಬಿಚ್ಚಿ ಹಾಕ್ತಾ?” ಎಂದು ಅವಳು ಅಲ್ಲಿಂದಲೇ ಕೂಗಿದಳು.

“ನಿನ್ನ ಕೆಲಸ ನೋಡ್ಕೊ.”

“ನಾನು ನೋಡ್ಕೋತಾನೇ ಇದೀನಿ. ನಾನು ಹುಡುಗಿಯಾಗಿದ್ದಾಗ ಕಂಡಂಗೇ ಇದೀರಿ. ಅಕ್ಕನ್ನ ನೋಡೋಕೆ ಬಂದ ದಿವಸಾನೂ ನಮ್ಮಪ್ಪನ ರೇಡಿಯೋ ಬಿಚ್ಚಿ ಕೂತಿದ್ರಿ.”

ಪಾಕ್ ನಕ್ಕಳು. ಮುರತಾಲಿ ನಗಲಿಲ್ಲ. ಈ ಎಂಟು ದಿನ ಅವನಿಗೆ ಕೂತಲ್ಲಿ ಕೂರಲು ಆಗಿರಲಿಲ್ಲ. ಅದಕ್ಕೆ ಕಾರಣ ಇದೇ ಕಲಿಚಾ. ವರ್ಷದ ಊಟ ಮುಗಿದು ನೆಂಟರೆಲ್ಲ ಹೊರಟಮೇಲೆ, ಪಾತ್ರೆ ತೊಳೆಯುತ್ತ ಅವಳು ಸುಮ್ಮನೆ ಒಂದು ಮಾತು ಆಡಿದ್ದಳು. ತೊಂಬತ್ತಮೂರರ ಚಳಿಗಾಲದಲ್ಲಿ ಅಕ್ಕನಿಗೆ ದನಿಯೇ ಹೋಗಿತ್ತು, ತಿಂಗಳು ಪೂರ ಶಾಲೆಯಲ್ಲಿ ಹಲಗೆಯ ಮೇಲೆ ಬರೆದೇ ಪಾಠ ಮಾಡಿದ್ದಳು ಎಂದು. “ನಿಮಗೆ ಹೇಳಿದೀನಿ ಅಂದಿದ್ಲು. ಬರೆದಿಟ್ಟೆ ಅಂದಿದ್ಲು.”

“ಏನೂ ಬರೆದಿಲ್ಲ,” ಎಂದಿದ್ದ ಮುರತಾಲಿ. “ಹಿಟ್ಟು ಮುಗೀತು ಅಂತ ಬರೆದಿದ್ಲು ಅಷ್ಟೆ.”

ಹೇಳಿದ ಮೇಲೆ ತಾನು ಹೇಳಿದ್ದು ಅವನ ಕಿವಿಗೇ ಬಿತ್ತು.

ಹಿಟ್ಟು ಎನ್ನುವ ಮಾತಿಗೂ ದನಿ ಎನ್ನುವ ಮಾತಿಗೂ ಅವರ ಭಾಷೆಯಲ್ಲಿ ಒಂದು ಸ್ವರದ ವ್ಯತ್ಯಾಸ. ಬಾಯಲ್ಲಿ ಹೇಳಿದರೆ ಹಸುಳೆಗೂ ತಿಳಿಯುತ್ತದೆ. ಬರೆಯುವಾಗ ಎರಡು ಅಕ್ಷರವೂ ಕವಣೆಯಂತೆ ಕವಲೊಡೆದು ನಿಲ್ಲುತ್ತವೆ. ಒಂದರ ಕಾಲು ಎಡಕ್ಕೆ ಸೊಟ್ಟಗಾಗುತ್ತದೆ, ಇನ್ನೊಂದರದು ನೆಟ್ಟಗೆ ಇಳಿಯುತ್ತದೆ. ಸೊಟ್ಟ ಕಾಲಿನದು ಹಿಟ್ಟು. ನೆಟ್ಟ ಕಾಲಿನದು ದನಿ. ಚೋಲ್ಪೋನ್ ಯಂತ್ರದ ಪರದೆಯ ಮೇಲೆ ಎಲ್ಲ ಕಾಲೂ ಸೊಟ್ಟ.

ಆ ಚಳಿಗಾಲದಲ್ಲಿ ಅವನಿಗೆ ಕಾರ್ಖಾನೆಯಲ್ಲಿ ರಾತ್ರಿಪಾಳಿ, ಅವಳಿಗೆ ಹಗಲು ಶಾಲೆ. ಒಬ್ಬರು ಬರುವಾಗ ಇನ್ನೊಬ್ಬರು ಹೋಗಿರುತ್ತಿದ್ದರು. ಹೇಳಬೇಕಾದ್ದನ್ನು ಯಂತ್ರದಲ್ಲಿ ಬರೆದು ಟೇಪಿಗೆ ಹಾಕಿ ಇಡುವುದು ಅವರ ರೂಢಿ. ಅದರ ಹಿಂದಿನ ಶರತ್ಕಾಲದಲ್ಲಿ ಐದು ವರ್ಷದ ಮಗಳು ಮೂರು ದಿನದ ಜ್ವರದಲ್ಲಿ ಹೋಗಿದ್ದಳು. ಹೆಂಗಸರು ಹಾಡಿ ಅಳುವುದು ದೊಡ್ಡವರು ಸತ್ತಾಗ. ಎಳೆಮಗುವಿಗೆ ಅಳಬಾರದು, ತಾಯಿಯ ಕಣ್ಣೀರು ಮಗುವಿನ ದಾರಿಗೆ ಅಡ್ಡ ಹರಿಯುತ್ತದೆ ಎಂದು ಅಂಗಳದಲ್ಲಿ ಹಿರಿಯರು ಹೇಳಿದರು. ಒಳಗೆ ಹೋಗಿ ಬುರುಲ್‌ಗೆ ಆ ಮಾತು ಮುಟ್ಟಿಸಿದವನು ಮುರತಾಲಿಯೇ. ಅವಳು ಅಳು ನಿಲ್ಲಿಸಿದಳು. ಆಮೇಲೆ ಮಾತೂ ಕಡಿಮೆಯಾಯಿತು. ಭಾನುವಾರ ಇಬ್ಬರೂ ಮನೆಯಲ್ಲಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ತನ್ನ ಮೇಲೆ ಮುನಿಸು ಎಂದು ಅವನು ತಿಳಿದ. ಜನವರಿಯ ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ಟೇಪ್ ಹಾಕಿದರೆ ಪರದೆಯ ಮೇಲೆ ಎರಡೇ ಮಾತು ಇತ್ತು. ‘ಉನುಮ್ ಬುತ್ತು.’ ನನ್ನ ಹಿಟ್ಟು ಮುಗಿಯಿತು. ಅವನು ನಿದ್ದೆ ಮಾಡದೆ ಚೀಲ ಹಿಡಿದು ಹೊರಟ. ಹಿಟ್ಟಿನ ಸಾಲು ಎರಡು ಬೀದಿ ಸುತ್ತಿ ನಿಂತಿತ್ತು. ಎರಡು ದಿನ ನಿಂತು ಅರ್ಧ ಮೂಟೆ ತಂದ. ಅವಳು ಮೂಟೆಯನ್ನು ನೋಡಿದಳು, ಅವನ ಕೆಂಪಾದ ಕಿವಿಗಳನ್ನು ನೋಡಿದಳು, ನೀರು ಕಾಯಿಸಲು ಇಟ್ಟಳು.

ಎಂಟು ದಿನದಿಂದ ಅವನಿಗೆ ಇದ್ದ ಚಡಪಡಿಕೆ ಇದೊಂದೇ. ಅವಳು ಕೇಳಿದ್ದು ಹಿಟ್ಟೋ, ಹೇಳಿದ್ದು ದನಿಯ ಮಾತೋ? ಮನೆಯ ಹೆಂಗಸು ಹಿಟ್ಟು ಮುಗಿಯಿತು ಎನ್ನುತ್ತಾಳೆ. ನನ್ನ ಹಿಟ್ಟು ಎನ್ನುತ್ತಾಳೆಯೇ? ಒಮ್ಮೊಮ್ಮೆ ಎನ್ನಬಹುದು ಎಂದು ತೋರುತ್ತಿತ್ತು. ನಮಾಜಿಗೆ ನಿಂತಾಗ ಎನ್ನಲಾರಳು ಎಂದು ತೋರುತ್ತಿತ್ತು.

ಪಾಕ್ ಗಡಿಯಾರ ನೋಡಿ ದೀಪ ಆರಿಸಿದಳು. ಪೆಟ್ಟಿಗೆ ಎತ್ತಿದಾಗ ಸಿಡಿಲು ಹೊಡೆದ ಮೇಲಿನ ಗಾಳಿಯಂಥ ವಾಸನೆ ಬಂತು. ಚಿಪ್ಪನ್ನು ತನ್ನ ಕೈಯಿಂದಲೇ ಮಾಡಿಕೊಂಡಿದ್ದ ಬರೆಯುವ ಹಲಗೆಯಲ್ಲಿ ಕೂರಿಸಿ, ಅದರ ತಂತಿಯನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದಳು.

“ಇನ್ನೊಂದು ಸಲ ಹೇಳ್ತೀನಿ ಕೇಳಿ. ಆ ಟೇಪನ್ನ ಇದಕ್ಕೇ ಸಿಕ್ಕಿಸಿದ್ರೆ ಆಯ್ತು. ಯಾವ ಕೀಲಿ ಒತ್ತಿದ್ದಾಳೆ ಅಂತ ಐದು ನಿಮಿಷದಲ್ಲಿ ಅಂಕಿ ಹೇಳಿಬಿಡುತ್ತೆ. ಈ ಚಿಪ್ಪೂ ಬೇಡ, ದೀಪಾನೂ ಬೇಡ.”

“ಬೇಡ.”

“ಯಾಕೆ ಬೇಡ?”

“ಪರದೆ ಮೇಲೆ ತಾನಾಗಿ ಸರಿಹೋಗುತ್ತೆ ಅಂದಿದ್ದೆ ಅವಳಿಗೆ.”

ಪಾಕ್ ಅವನ ಮುಖ ನೋಡಿ ಮತ್ತೆ ಆ ಮಾತು ಎತ್ತಲಿಲ್ಲ. “ಅಕ್ಷರ ಕೊಡಿ,” ಎಂದಳು.

ಅವನು ಚೌಕುಳಿ ಹಾಳೆ ಕೊಟ್ಟ. ಉದ್ದಕ್ಕೆ ಎಂಟು ಮನೆ, ಅಡ್ಡಕ್ಕೆ ಎಂಟು ಮನೆ. ಪೆನ್ಸಿಲಿನಲ್ಲಿ ತುಂಬಿದ ಮನೆಗಳಲ್ಲಿ ಮೂರು ಅಕ್ಷರ ನಿಂತಿದ್ದವು. ಎಂಟು ದಿನದಲ್ಲಿ ಅಳಿಸಿ ಅಳಿಸಿ ಕಾಗದ ತೆಳ್ಳಗಾಗಿತ್ತು. ಪಾಕ್ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತ, ಮೊದಲೇ ಇಳಿಸಿಕೊಂಡಿದ್ದ ಹಳೆಯ ಚಿಪ್ಪಿನ ನಕಲಿನೊಳಗೆ ಅಂಕಿಯಾಗಿ ತುಂಬಿದಳು. “ನೆಟ್ಟಗೆ ಬರೆದಿದೀರಿ. ಕಾರ್ಖಾನೇಲಿ ನಿಮ್ಮ ಕೈಬರಹ ಓದೋಕೆ ಒಬ್ಬ ಹುಡುಗೀನ ಬೇರೆ ಇಟ್ಟಿದ್ವಿ.”

ಬರೆದು ಮುಗಿಯಿತು. ಮುರತಾಲಿ ಯಂತ್ರದ ಮುಂದೆ ಕೂತು, ಹಣ್ಣು ಹೆಚ್ಚುವ ಚಾಕುವಿನ ತುದಿಯಿಂದ ಹಳೆಯ ಚಿಪ್ಪಿನ ಒಂದು ತುದಿಯನ್ನು ಕೂದಲೆಳೆಯಷ್ಟು ಎತ್ತಿದ, ಆಮೇಲೆ ಇನ್ನೊಂದು ತುದಿಯನ್ನು. ಚಾಕು ಒಮ್ಮೆ ಜಾರಿತು. “ಕೊಡಿ ನಾನು ಮಾಡ್ತೀನಿ,” ಎಂದಳು ಪಾಕ್. ಅವನು ಕೊಡಲಿಲ್ಲ. ಹಳೆಯದು ಬಂತು. ಹೊಸದನ್ನು ಗುರುತಿನ ಕಚ್ಚು ಎಡಕ್ಕೆ ಬರುವಂತೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ, ವಿದ್ಯುತ್ ಕೊಟ್ಟ.

ಟೀವಿಯ ಮೇಲೆ ಬರೀ ಪಟ್ಟೆಗಳು ಬಂದವು.

ಆರಿಸಿ ಮತ್ತೆ ಕೊಟ್ಟ. ಪಟ್ಟೆಗಳು.

“ಸುಟ್ಟೆ,” ಎಂದ ಮುರತಾಲಿ. ಎದ್ದ. ಬಾಗಿಲವರೆಗೆ ಹೋಗಿ ಬಂದ. “ಸುಟ್ಟುಬಿಟ್ಟೆ, ಸೆರ್ಗೇವ್ನಾ.”

“ನಿಮ್ಮ ತಲೆ ಸುಟ್ಟಿರೋದು. ಕೂತ್ಕೊಳ್ಳಿ.” ಅವಳು ಚಿಪ್ಪನ್ನು ಕಿತ್ತು, ಚೀಲದಿಂದ ಒಂದು ಶಾಲೆಮಕ್ಕಳ ರಬ್ಬರು ತೆಗೆದು, ಇಪ್ಪತ್ತೆಂಟು ಕಾಲನ್ನೂ ಒಂದೊಂದಾಗಿ ತಿಕ್ಕಿದಳು. ರಬ್ಬರು ಕಪ್ಪಾಯಿತು. “ಇದು ಎಷ್ಟು ವರ್ಷ ಅಂಗಡೀಲಿ ಮಾಂಸದ ಪಕ್ಕ ಕೂತಿತ್ತೋ ಏನೋ. ಕಿಲುಬು ನೋಡಿ. ಇಷ್ಟು ವರ್ಷ ಬಿಟ್ಟು ಬಂದು ಒಂದೇ ಏಟಿಗೆ ಆಗಬೇಕು ಅಂದ್ರೆ?”

ಮತ್ತೆ ಕೂರಿಸಿದಳು. ಈ ಸಲ ಪಟ್ಟೆಗಳು ಒಂದು ಕ್ಷಣ ಬಂದು ಹೋದವು, ಪರದೆ ತಿಳಿಯಾಯಿತು, ಮೇಲಿನ ಮೂಲೆಯಲ್ಲಿ ಯಂತ್ರ ತನ್ನ ಹೆಸರು ಬರೆದು ಕಾದು ನಿಂತಿತು. ಮುರತಾಲಿ ಬಲಗಡೆಯ ಕೀಲಿಯೊಂದನ್ನು ಒತ್ತಿದ. ಕವಲೊಡೆದ ಅಕ್ಷರ ಬಂತು. ಕಾಲು ನೆಟ್ಟಗಿತ್ತು. ಉಳಿದ ಎರಡನ್ನೂ ಒತ್ತಿದ. ಮೂರೂ ಬಂದವು. ಇನ್ನೊಂದು ಸಲ ಒತ್ತಿದ. ಸಾಲು ತುಂಬುವವರೆಗೆ ಒತ್ತಿದ.

“ಸಾಕು, ಕೀಲಿ ಸವೆದೀತು,” ಎಂದಳು ಪಾಕ್. ಆದರೆ ಅವಳ ಮುಖ ಅರಳಿತ್ತು. “ನೋಡಿ. ಒಪ್ಪಿಗೆ ಬಂತು.”

ಅಡುಗೆಮನೆಯಲ್ಲಿ ಎಣ್ಣೆ ಕಾಯಲು ಇಟ್ಟ ಸದ್ದಾಯಿತು. ಮುರತಾಲಿ ಡಬ್ಬಿಯಿಂದ ಕ್ಯಾಸೆಟ್ ತೆಗೆದ. ಮೇಲಿನ ಚೀಟಿಯ ಮೇಲೆ ಬುರುಲ್‌ಳ ಗುಂಡು ಅಕ್ಷರದಲ್ಲಿ ‘ಜನವರಿ’ ಎಂದಿತ್ತು. ಒಳಗಿನ ಮೆತ್ತೆ ಉದುರಿಹೋಗಿದ್ದರಿಂದ ಹಿಂದಿನ ದಿನ ಪಾಕ್ ಉಣ್ಣೆಯ ಚೂರು ಕತ್ತರಿಸಿ ಅಂಟಿಸಿದ್ದಳು. ಈ ಟೇಪ್ ಇನ್ನೆಷ್ಟು ಸಲ ಓಡೀತು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಗುಂಡಿ ಒತ್ತಿದ. ಯಂತ್ರದ ಮಾತು ಕೀರಲು ದನಿಯಲ್ಲಿ ಕೋಣೆ ತುಂಬಿತು. ನಡುವೆ ಅಲುಗಿ, ಮಸುಕಾಗಿ, ಮತ್ತೆ ಏರಿತು. ಪರದೆ ಮೇಲೆ ತಪ್ಪು ಎಂದು ಬಂತು.

“ದನಿ ಮಂಕಾಗಿದೆ. ಟೇಪ್ ಓದೋ ತಲೆ ವಾಲಿದೆ,” ಎಂದ. ಸಣ್ಣ ತಿರುಪುಳಿ ಹಿಡಿದು ರೆಕಾರ್ಡರಿನ ಮುಂದಿನ ಮೊಳೆಯನ್ನು ತಿರುಗಿಸುತ್ತ ಕಿವಿ ಹತ್ತಿರ ತಂದ. ಕೀರಲು ಚೂಪಾಗುವವರೆಗೆ ತಿರುಗಿಸಿದ, ಸ್ವಲ್ಪ ಹಿಂದಕ್ಕೆ ಬಂದ. ಟೇಪನ್ನು ಬೆರಳಿನಿಂದಲೇ ಸುತ್ತಿ ಮೊದಲಿಗೆ ತಂದ. “ಬಿಸ್ಮಿಲ್ಲಾ” ಎಂದು ಮತ್ತೆ ಒತ್ತಿದ. ಈ ಸಲ ಕೀರಲು ಮೂರು ನಿಮಿಷ ಒಂದೇ ಸಮನೆ ಬಂತು. ಸದ್ದು ನಿಂತಿತು. ಪುಟ ತೆರೆಯಿತು.

ಮೊದಲ ಚೀಟಿ: ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊ. ಎರಡನೆಯದು: ಸೀಮೆಎಣ್ಣೆ ಪಕ್ಕದ ಮನೆಯವರು ಕೊಟ್ಟಿದ್ದಾರೆ. ಮೂರನೆಯದು ಅವನದೇ: ಇವತ್ತು ತಡವಾಗುತ್ತದೆ. ಪುಟ ತಿರುವುತ್ತ ಹೋದ. ಅವಳು ಬರೆದ ಮಾತುಗಳೆಲ್ಲ ಈಗ ಸರಿಯಾದ ಕಾಲಿನ ಮೇಲೆ ನಿಂತಿದ್ದವು. ಅವನು ಬರೆದವುಗಳಲ್ಲಿ ಮಾತ್ರ ಅಲ್ಲಲ್ಲಿ ತಪ್ಪು ಕಾಲು. ಯಂತ್ರ ಮಾಡಿದವನು ಸರಿಯಾದ ಕೀಲಿಯನ್ನು ಒತ್ತುವ ಗೋಜಿಗೆ ಹೋಗಿರಲಿಲ್ಲ.

ಹನ್ನೊಂದನೆಯ ಪುಟದಲ್ಲಿ ಎರಡೇ ಮಾತು ಇತ್ತು.

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಹಾಕಿಕೊಂಡ. ಟೀವಿಗೆ ಮುಖ ತಾಗುವಷ್ಟು ಬಾಗಿದ. ಮೊದಲ ಮಾತಿನಲ್ಲಿ ಆ ಅಕ್ಷರ ಎರಡು ಸಲ ಬರುತ್ತದೆ. ಎರಡಕ್ಕೂ ಕಾಲು ನೆಟ್ಟಗಿತ್ತು.

“ನಂಗೆ ನಿಮ್ಮ ಭಾಷೆ ಸಂತೆ ಮಾತಿನಷ್ಟೇ ಬರೋದು,” ಎಂದಳು ಪಾಕ್ ಮೆಲ್ಲಗೆ. “ಆದ್ರೆ ಕಾಲು ಕಾಣುತ್ತೆ.”

ಮುರತಾಲಿ ಎದ್ದು ಹೊರಗಿನ ಮೊಗಸಾಲೆಗೆ ಹೋದ, ಚಳಿಗೆ ಒಳಗೆ ಬಂದ, ಕೂತ, ಮತ್ತೆ ಎದ್ದ. “ಕೈ ತಪ್ಪಿರಬಹುದು,” ಎಂದ. “ಪಕ್ಕದ ಕೀಲಿ ಅಲ್ಲ ಅದು, ಆದ್ರೂ. ಕತ್ತಲಲ್ಲಿ ಹೊರಡೋ ಹೊತ್ತು. ವಿದ್ಯುತ್ ಬೇರೆ ಹೋಗಿ ಬರೋದು ಆಗ.”

“ಮುಂದಿನ ಪುಟ ನೋಡಿ ಹಾಗಾದ್ರೆ.”

ಅವನು ನೋಡಿದ. ಮೂರು ದಿನದ ಮೇಲೆ ಬರೆದದ್ದು. ‘ಹಿಟ್ಟು ಒಳ್ಳೆಯದಿದೆ. ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಬಿಸಿ ಇರುವಾಗಲೇ ತಿನ್ನು.’ ಇಲ್ಲಿ ಹಿಟ್ಟಿನ ಕಾಲು ಸೊಟ್ಟಗಿತ್ತು. ಹಿಟ್ಟಿಗೆ ಯಾವ ಕೀಲಿ, ದನಿಗೆ ಯಾವ ಕೀಲಿ ಎಂಬುದು ಅವಳಿಗೆ ಗೊತ್ತಿತ್ತು. ಎರಡು ಪುಟವನ್ನೂ ಅವನು ಹಿಂದೆ ಮುಂದೆ, ಹಿಂದೆ ಮುಂದೆ ತಿರುವಿದ.

ಕಲಿಚಾ ಜರಡಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. “ಏನಂತೆ?” ಎಂದಳು.

ಮುರತಾಲಿ ಪಕ್ಕಕ್ಕೆ ಸರಿದ. ಅವಳೇ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಎರಡು ಮಾತನ್ನೂ ಮಕ್ಕಳು ಓದುವಂತೆ ಅಕ್ಷರ ಕೂಡಿಸಿ ಓದಿದಳು. ಬಾಯಲ್ಲಿ ಬಂದಾಗ ಅನುಮಾನಕ್ಕೆ ಎಡೆಯಿರಲಿಲ್ಲ. ನನ್ನ ದನಿ ಮುಗಿಯಿತು.

“ನಾನು ಹೋಗಿ ಹಿಟ್ಟು ತಂದೆ,” ಎಂದ ಮುರತಾಲಿ.

“ತಂದ್ರಿ.”

“ಅವಳು ಒಂದು ಸಲಾನೂ ಹೇಳಲಿಲ್ಲ. ಇಪ್ಪತ್ತಾರು ವರ್ಷ, ಕಲಿಚಾ. ಒಂದು ಸಲ ನಗ್ತಾ ಆದ್ರೂ ಹೇಳಬಹುದಿತ್ತು. ಕತ್ತೆ, ಹಿಟ್ಟಲ್ಲ ಕಣೋ ಅಂತ.”

“ಹೆಂಗೆ ಹೇಳ್ತಾಳೆ ಭಾವ? ಆ ಚಳೀಲಿ ಎರಡು ದಿನ ನಿಂತು, ಕಿವಿ ಸೀದು, ಮೂಟೆ ಹೊತ್ಕೊಂಡು ಬಂದು ನಿಂತಿದೀರಿ. ಹಂಗೆ ಬಂದವನಿಗೆ ನಾ ಕೇಳಿದ್ದು ಇದಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?”

“ಬೈಯಬಹುದಿತ್ತು.”

“ದನಿ ಎಲ್ಲಿತ್ತು ಬೈಯೋಕೆ?” ಎಂದಳು ಕಲಿಚಾ. ಅಂದಮೇಲೆ ಅವಳಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣೂ ತುಂಬಿತು. ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು. “ಅಯ್ಯೋ, ಎಣ್ಣೆ,” ಎಂದು ಒಳಗೆ ಓಡಿದಳು.

ಪಾಕ್ ತಂತಿಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿದಳು. ದೀಪವನ್ನು ಹಳೆಯ ಮಫ್ಲರಿನಲ್ಲಿ ಸುತ್ತಿದಳು. ಮುರತಾಲಿ ಹಳೆಯ ಚಿಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದ. ಎಲ್ಲಿ ಇಡುವುದೆಂದು ತೋಚದೆ ಕಪಾಟು ತೆರೆದ, ಮುಚ್ಚಿದ, ಕೊನೆಗೆ ಜೇಬಿಗೆ ಹಾಕಿಕೊಂಡ.

“ನಾನು ಹೊರಡ್ತೀನಿ, ಮುರತಾಲಿ.”

“ಇರು. ಓದೋವರೆಗೆ ಇರು. ಬಿಸಿ ಬೋರ್ಸೊಕ್ ತಿಂದು ಹೋಗು.”

“ನಿಮ್ಮ ಪ್ರಾರ್ಥನೇಲಿ ನಾನೇನು ಮಾಡ್ಲಿ?”

“ಅವಳು ಇದ್ದಿದ್ರೆ ಕಳಿಸ್ತಿದ್ಲಾ ನಿನ್ನ?”

ಪಾಕ್ ಚೀಲ ಕೆಳಗಿಟ್ಟಳು.

ನೆಲದ ಮೇಲೆ ಬಟ್ಟೆ ಹಾಸಿ ಕಲಿಚಾ ಬೋರ್ಸೊಕ್ ಸುರಿದಳು. ಚಹಾ ಬಟ್ಟಲುಗಳನ್ನು ಇಟ್ಟಳು. ಹೊಗೆ ಹೊರಗೆ ಹೋಗಲೆಂದು ಕಿಟಕಿಯ ಮೇಲಿನ ಸಣ್ಣ ಬಾಗಿಲನ್ನು ತೆರೆದಳು. ಮುರತಾಲಿ ಟೊಪ್ಪಿ ಹಾಕಿಕೊಂಡು ಮಂಡಿ ಮಡಿಸಿ ಕೂತ. ಬೆಳಗಿನಿಂದ ಮೊದಲ ಸಲ ಅವನು ಒಂದು ಕಡೆ ಅಲುಗದೆ ಕೂತದ್ದು. ಓದುವಾಗ ದನಿ ಮೊದಲು ಒಡೆಯಿತು, ಆಮೇಲೆ ಸರಿಹೋಯಿತು. ಅರವತ್ತು ವರ್ಷದಿಂದ ಬಾಯಲ್ಲಿದ್ದ ಸಾಲುಗಳು ತಾವೇ ದಾರಿ ಹಿಡಿದು ನಡೆದವು.

ಓದಿದ್ದನ್ನು ಯಾರಿಗೆ ಒಪ್ಪಿಸುವುದೋ ಅವರ ಹೆಸರು ಹೇಳುವ ಹೊತ್ತು ಬಂತು. ಅವನು ತನ್ನ ತಂದೆಯ ಹೆಸರು ಹೇಳಿದ, ತಾಯಿಯ ಹೆಸರು ಹೇಳಿದ. ಅತ್ತೆ ಮಾವಂದಿರ ಹೆಸರು ಹೇಳಿದ. ಬುರುಲ್ ಎಂದ. ಪ್ರತಿ ಗುರುವಾರವೂ ಅಲ್ಲಿಗೆ ನಿಲ್ಲುತ್ತಿತ್ತು. ಪ್ರಾರ್ಥನೆ ಮುಗಿಯಿತೆಂದು ಕಲಿಚಾ ಮುಖ ಸವರಿಕೊಳ್ಳಲು ಕೈ ಎತ್ತಿದಳು.

ಅವನು ಇನ್ನೂ ಬಾಯಿ ಮುಚ್ಚಿರಲಿಲ್ಲ. ಎಳೆಯ ಮಗುವಿಗೆ ಪಾಪವಿಲ್ಲ, ಅದಕ್ಕೆ ಯಾರೂ ಓದಿ ಒಪ್ಪಿಸಬೇಕಾದ್ದಿಲ್ಲ ಎಂದು ಮುಲ್ಲಾ ಹಿಂದೆಯೇ ಹೇಳಿದ್ದ. ಅದು ನಿಜವೂ ಇರಬಹುದು. ಬಲ್ಲವನು ದೇವರು.

“ನಮ್ಮ ಮಗಳು ಕುಮುಶ್‌ಗೆ,” ಎಂದ ಮುರತಾಲಿ, ಗೋಡೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ. “ಕುಮುಶ್‌ಗೆ.”

ಕಲಿಚಾಳ ಕೈಗಳು ಎತ್ತಿದಲ್ಲೇ ನಿಂತವು. ಪಾಕ್ ತನ್ನ ಮಡಿಲಿನ ಕಡೆ ನೋಡುತ್ತಿದ್ದಳು. ತೆರೆದ ಕಿಟಕಿಯಿಂದ ಎಣ್ಣೆಯ ಹೊಗೆ ತೆಳ್ಳಗೆ ಹೊರಗೆ ಹೋಗುತ್ತಿತ್ತು, ಹೊರಗಿನ ಚಳಿ ಒಳಗೆ ಬರುತ್ತಿತ್ತು. ಚಹಾ ಆರುತ್ತಿದ್ದರೂ ಕಿಟಕಿ ಮುಚ್ಚಲು ಯಾರೂ ಏಳಲಿಲ್ಲ.